ಚುನಾವಣೆ ವೇದಿಕೆಯಲ್ಲಿ ಹಾಡುವವರು ಬಿಲ್ ಕೊಡಲೇಬೇಕು

ದಾವಣಗೆರೆ ಕಡೆಯ ಒಂದು ಆರ್ಕೆಸ್ಟ್ರಾ ತಂಡದ ಬುಕಿಂಗ್, ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಗಣೇಶನ ಹಬ್ಬ, ಜಾತ್ರೆ, ರಾಜ್ಯೋತ್ಸವ ನಮ್ಮ ಸೀಸನ್. ಚುನಾವಣೆ ಬಂತು ಅಂದ್ರೆ ಎಲ್ಲ ಪಕ್ಷದವರೂ ಫೋನ್ ಮಾಡುತ್ತಾರೆ. ನಾಯಕರು ಬರುವುದು ತಡ, ಅಷ್ಟರೊಳಗೆ ಜನ ಎದ್ದು ಹೋಗಬಾರದು, ರಾತ್ರಿ 10 ಗಂಟೆಗೆ ಮೈಕ್ ಬೇರೆ ಬಂದ್ ಆಗಬೇಕು, ಹಾಗಾಗಿ ಸಂಜೆಯೇ ಹಾಡು ಶುರು.

ಕಲಾವಿದರಿಗೆ ರಾಜಕೀಯ ಯಾಕೆ ಅಂತ ಕೇಳುವವರು ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಹಾಡುವವರಿಗೂ ಓಟಿದೆ, ಬೆಲೆ ಏರಿದರೆ ಅವರ ಮನೆಗೂ ಬಿಸಿ ತಟ್ಟುತ್ತದೆ. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ತಮ್ಮ ರಾಜಕೀಯ ನಿಲುವನ್ನು ಬಾಯಿಬಿಟ್ಟು ಹೇಳಿದವರು. ಅದಕ್ಕೆ ವಿರೋಧ ಬಂದು 2018ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಅವರ ಸಂಗೀತ ಕಛೇರಿ ಮುಂದಕ್ಕೆ ಹೋಯಿತು, ಆಮೇಲೆ ದೆಹಲಿ ಸರ್ಕಾರ ಕರೆದು ಹಾಡಿಸಿತು. 2024ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅದೇ ಕೃಷ್ಣ ಅವರನ್ನು ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿದಾಗ, ಅದನ್ನು ವಿರೋಧಿಸಿ ರಂಜನಿ–ಗಾಯತ್ರಿ ಸಹೋದರಿಯರು ಅಲ್ಲಿ ಹಾಡುವುದಿಲ್ಲ ಎಂದರು. ಎರಡೂ ಕಡೆಯವರು ತಮ್ಮ ಹೆಸರಿನಲ್ಲೇ ಮಾತಾಡಿದರು, ಅದರ ಬೆಲೆಯನ್ನೂ ತಾವೇ ತೆತ್ತರು. ಇಬ್ಬರ ಮೇಲೂ ನನಗೆ ಗೌರವವಿದೆ.

ನಮ್ಮಂಥ ಬಾಡಿಗೆ ತಂಡದ ಕಷ್ಟವೇ ಬೇರೆ. ನಮ್ಮ ಪರವಾಗಿ ನಿಲುವು ತೆಗೆದುಕೊಳ್ಳುವವರು ಬೇರೆಯವರು! ಒಂದು ತಾಲ್ಲೂಕು ಸಭೆಯಲ್ಲಿ ನಮ್ಮ ಗಾಯಕಿ ಎರಡನೇ ಚರಣಕ್ಕೆ ಹೋಗುವಷ್ಟರಲ್ಲಿ ಯಾರೋ ಬಂದು ಹೆಗಲಿಗೆ ಪಕ್ಷದ ಶಾಲು ಹಾಕಿದರು, ನಿರೂಪಕರು 'ಇವರೂ ನಮ್ಮವರೇ' ಅಂತ ಮೈಕಿನಲ್ಲಿ ಕೂಗಿದರು. ಆಕೆ ಹಾಡು ನಿಲ್ಲಿಸಲಿಲ್ಲ. ಶಾಲು ತೆಗೆದು, ನೀಟಾಗಿ ಮಡಚಿ, ಕೀಬೋರ್ಡ್ ಪಕ್ಕ ಇಟ್ಟು ಪಲ್ಲವಿಗೆ ಬಂದಳು.

ಇನ್ನೊಂದು ಸಂಗತಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ವೇದಿಕೆ, ಸೌಂಡು, ನಮ್ಮ ಸಂಭಾವನೆ ಎಲ್ಲವೂ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರಬೇಕು. ನಮ್ಮಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ. ಅದಕ್ಕೇ ಕೆಲವರು, 'ಬಿಲ್ ಬೇಡ ಬಿಡಿ, ಅಭಿಮಾನದಿಂದ ಬಂದು ಹಾಡಿದರು ಅಂತ ಬರೆದುಕೊಳ್ಳುತ್ತೇವೆ' ಅನ್ನುತ್ತಾರೆ. ನಾನು ಅಲ್ಲೇ ಬೇಡ ಅನ್ನುತ್ತೇನೆ. ದುಡಿಮೆಯ ದುಡ್ಡು ಕೈಗೆ ಕೊಟ್ಟು, ಕಾಗದದಲ್ಲಿ ನಮ್ಮನ್ನು ಕಾರ್ಯಕರ್ತರನ್ನಾಗಿ ಮಾಡುವುದು ಯಾವ ನ್ಯಾಯ? ನಿಜವಾಗಿ ಅಭಿಮಾನ ಇರುವವರು ಹೋಗಲಿ, ಧಾರಾಳವಾಗಿ ಹಾಡಲಿ, ಶಾಲನ್ನೂ ಹಾಕಿಕೊಳ್ಳಲಿ. ಆದರೆ ತಮ್ಮ ಹೆಸರಲ್ಲಿ ಹೋಗಲಿ, ತಂಡದ ಬ್ಯಾನರ್ ಬೇಡ.

ಅಡ್ವಾನ್ಸ್ ಹಿಡಿಯುವ ಮೊದಲೇ ಯಾವ ಪಕ್ಷದ ಸಭೆ ಅಂತ ಗ್ರೂಪಿನಲ್ಲಿ ಹಾಕುತ್ತೇನೆ. ಶಾಲು ಇಲ್ಲ, ಘೋಷಣೆ ಇಲ್ಲ, ಅಭ್ಯರ್ಥಿಯ ಹೆಸರು ಸೇರಿಸಿ ಹಾಡಿನ ಸಾಲು ಬದಲಿಸುವುದಿಲ್ಲ ಅಂತ ಆಯೋಜಕರಿಗೂ ಹೇಳಿರುತ್ತೇನೆ. ಇದರಿಂದ ಕೈತಪ್ಪಿದ ಕಾರ್ಯಕ್ರಮಗಳೂ ಇವೆ, ಹೋಗಲಿ. ಕಳೆದ ಸಲ ನಮ್ಮ ರಿದಮ್ ಪ್ಯಾಡ್ ಹುಡುಗ 'ಅಣ್ಣ, ಆ ಪಕ್ಷದ ಸ್ಟೇಜಿಗೆ ನಾನು ಬರಲ್ಲ' ಅಂದ. ಕಾರಣ ಕೇಳಲಿಲ್ಲ, ಆ ದಿನಕ್ಕೆ ಹರಿಹರದಿಂದ ಇನ್ನೊಬ್ಬರನ್ನು ಕರೆಸಿದೆ. ಆಮೇಲಿನ ಜಾತ್ರೆಗೆ ಪ್ಯಾಡ್ ನುಡಿಸಿದ್ದು ಅವನೇ.