ಪಾಲಕ್ ಹಳದಿಯಾಯ್ತಾ? ಮೊದಲು ಎಲೆಯ ವಯಸ್ಸು ನೋಡಿ

ಮೀನು ಸಾಕಿದ ನೀರಿನಲ್ಲೇ ಗಿಡ ಬೆಳೆಸುವ ಅಕ್ವಾಪೋನಿಕ್ಸ್‌ನಲ್ಲಿ ಎಲೆ ಹಳದಿಯಾದರೆ ಬಹಳ ಜನ ಮೀನಿನ ಆಹಾರ ಜಾಸ್ತಿ ಹಾಕುತ್ತಾರೆ. ಅದರಿಂದ ಅಮೋನಿಯ ಏರುತ್ತದೆ, ಅಷ್ಟೇ.

ತುದಿಯ ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು ಗೆರೆಯಂತೆ ಉಳಿದಿದ್ದರೆ ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಕಬ್ಬಿಣ ಕಡಿಮೆ. ಜೊತೆಗೆ ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.5 ದಾಟಿದರೆ ಇದ್ದ ಕಬ್ಬಿಣವೂ ಬೇರಿಗೆ ದಕ್ಕದು. ಕಬ್ಬಿಣ ಕರಗಿಯೇ ಇರುವಂತೆ ಹಿಡಿದಿಡುವ ಕೀಲೇಟ್ ಪುಡಿಗಳಿವೆ. ಅವುಗಳಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕಬ್ಬಿಣ ಈ ನೀರಲ್ಲಿ ನಿಲ್ಲುವುದಿಲ್ಲ, ದುಡ್ಡು ದಂಡ. ಇಡಿಡಿಎಚ್‌ಎ ಕಬ್ಬಿಣ ಕೇಳಿ ತನ್ನಿ. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಸಾಕು: 1000 ಲೀಟರಿಗೆ, ಶೇ 6 ಕಬ್ಬಿಣವಿರುವ ಪುಡಿಯಾದರೆ ಸುಮಾರು 33 ಗ್ರಾಂ. ನೀರು ಕೆಂಪಗಾಗುತ್ತದೆ, ಗಾಬರಿ ಬೇಡ. ಆಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದಿರಬಹುದು; ಹೊಸ ಚಿಗುರನ್ನು ನೋಡಿ.

ಕೆಳಗಿನ ಎಲೆಯ ಅಂಚು ಸುಟ್ಟಂತಿದ್ದರೆ ಪೊಟ್ಯಾಸಿಯಂ ಕೊರತೆ. ಪೊಟ್ಯಾಸಿಯಂ ಬೈಕಾರ್ಬನೇಟ್ ಪಿಎಚ್ ಏರಿಸುತ್ತದೆ, ಹಾಗಾಗಿ ಗಡಸು ನೀರಿಗೆ ಪೊಟ್ಯಾಸಿಯಂ ಸಲ್ಫೇಟೇ ಸರಿ. ಹಳೆಯ ಎಲೆಯಲ್ಲಿ ನರಗಳ ನಡುವೆ ಹಳದಿಯೇ? ಮೆಗ್ನೀಸಿಯಂ ಕೊರತೆ, ಬೇರೆ ಪಾತ್ರೆಯಲ್ಲಿ ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಪಿಎಚ್ ಇಳಿಸಲು ತಾರಸಿಯ ಮಳೆನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ. ಒಂದೇ ದಿನ ಬಹಳ ಇಳಿಸಿದರೆ ಮೀನಿಗೆ ತಡೆಯದು.