ರಕ್ತ ಬಂದಿಲ್ಲ ಸಿಸ್ಟರ್, ಬರೀ ಜ್ವರ

ಕುಟ್ಟದ ಕಡೆ ಮಾರ್ಚ್ ಅಂದರೆ ಕಾಫಿ ಕೊಯ್ಲು ಮುಗಿಯುವ ಹೊತ್ತು. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಒಂದು ಹೂಮಳೆಯೂ ಬಂದಿದ್ದರೆ ಕೇಳುವುದೇ ಬೇಡ. ತೋಟದಲ್ಲಿ ಎಲ್ಲರಿಗೂ ಅವಸರ. ಆ ಅವಸರವನ್ನು ಹೊತ್ತುಕೊಂಡೇ ಜನ ಆಸ್ಪತ್ರೆಗೂ ಬರುತ್ತಾರೆ. ನಾನು ಅಲ್ಲಿನ ಒಂದು ಪಿಎಚ್‌ಸಿಯಲ್ಲಿ ಸ್ಟಾಫ್ ನರ್ಸ್. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮದುವೆಯಾಗಿ ಬಂದಿದ್ದು ಕೊಡಗಿಗೆ.

ಅವತ್ತು ಬುಧವಾರ. ಒಪಿಡಿ ಮುಗಿಯುತ್ತಾ ಬಂದಿತ್ತು. ಒಂದು ತೋಟದ ರೈಟರ್, ಅಂದರೆ ಕೆಲಸದ ಲೆಕ್ಕ ನೋಡಿಕೊಳ್ಳುವವರು, ಪಿಕಪ್ಪಿನಲ್ಲಿ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಜೊತೆಗೆ ಅವನ ಚಿಕ್ಕಮ್ಮ. ವಯನಾಡಿನ ತಿರುನೆಲ್ಲಿ ಕಡೆಯವರು, ಕೊಯ್ಲಿಗೆ ಬಂದು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇದ್ದವರು.

"ಬರೀ ಜ್ವರ ಸಿಸ್ಟರ್. ಬೆಳಿಗ್ಗೆಯಿಂದ ಅದೂ ಇಲ್ಲ. ಸುಸ್ತಿಗೆ ಒಂದು ಇಂಜೆಕ್ಷನ್ ಹಾಕಿ ಕಳಿಸಿ. ರಕ್ತ ಗಿಕ್ತ ಏನೂ ಬಂದಿಲ್ಲ," ಅಂದರು ರೈಟರ್.

ಈ ಕೊನೆಯ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೂಗಿನಲ್ಲೋ ವಸಡಿನಲ್ಲೋ ರಕ್ತ ಕಂಡರೆ ಮಾತ್ರ ದೊಡ್ಡ ಜ್ವರ, ಇಲ್ಲದಿದ್ದರೆ ಸಣ್ಣದು ಅನ್ನುವ ಲೆಕ್ಕ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಹೊರಗೆ ಕಾಣುವ ರಕ್ತ ಅಲ್ಲ. ರಕ್ತನಾಳದೊಳಗಿನ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದಲ್ಲ, ಅದು. ಒಂದು ಹನಿ ರಕ್ತ ಕಾಣದೆಯೂ ಮನುಷ್ಯ ಶಾಕ್‌ಗೆ, ಅಂದರೆ ರಕ್ತದ ಓಟವೇ ಕುಸಿಯುವ ಸ್ಥಿತಿಗೆ, ಹೋಗಬಹುದು.

ಹುಡುಗ ಬೆಂಚಿನ ಮೇಲೆ ಕೂರಲಾರದೆ ಮಲಗಿಬಿಟ್ಟ. ಕಣ್ಣು ಕೆಂಪಾಗಿತ್ತು. ಹಣೆ ಹಿಡಿದುಕೊಂಡಿದ್ದ. ಸೊಂಟ, ಮೀನಖಂಡ ಎಲ್ಲಾ ನೋವು ಅಂದ. ಕೊಡಗಿನಲ್ಲಿ ಇದನ್ನು ನೋಡಿದ ಕೂಡಲೇ ಬಾಯಿಗೆ ಬರುವ ಹೆಸರು ಡೆಂಗಿ. ನನ್ನ ತಲೆಗೆ ಮೊದಲು ಬಂದಿದ್ದು ಬೇರೆಯದು.

ನಮ್ಮೂರಿನಲ್ಲಿ ಬೇಸಿಗೆ ಜ್ವರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಆಮೇಲೆ ನಮ್ಮ ಕಡೆಗೂ ಬಂತು. ಕಾಡಿನಲ್ಲಿ ಮಂಗ ಸತ್ತಿದೆ ಅಂತ ಸುದ್ದಿ ಬಂದರೆ ಅಜ್ಜಿ ನಮ್ಮನ್ನು ದರಗೆಲೆ ಗುಡಿಸಲು ಕಳಿಸುತ್ತಿರಲಿಲ್ಲ. ಆ ಎಲೆಗಳ ನಡುವೆಯೇ ಈ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ, ಇರುವುದು. ಎಳೆಯ ಉಣುಗಂತೂ ಎಷ್ಟು ಸಣ್ಣದೆಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೂ ಅದರದೇ ಕಾಲ. ಕೊಡಗಿನವರು ಅದನ್ನು ಶಿವಮೊಗ್ಗದ ಕಾಯಿಲೆ ಅಂದುಕೊಳ್ಳುತ್ತಾರೆ. ಆದರೆ 2015ರಲ್ಲಿ ವಯನಾಡಿನಲ್ಲಿ ಅದು ಜನರನ್ನು ಬಲಿ ತೆಗೆದುಕೊಂಡಿತ್ತು. ಕುಟ್ಟದಿಂದ ವಯನಾಡಿನ ತೋಲ್ಪೆಟ್ಟಿ ಎಷ್ಟು ದೂರ ಹೇಳಿ?

"ಜ್ವರ ಯಾವತ್ತು ಶುರುವಾಯ್ತು?" ಅಂತ ಕೇಳಿದೆ. "ನಾಲ್ಕೈದು ದಿನ" ಅಂದರು. ಈ ನಾಲ್ಕೈದು ನನಗೆ ಸಾಲದು. ನಾಲ್ಕೋ ಐದೋ ಅನ್ನುವುದರ ಮೇಲೆ ಯಾವ ಟೆಸ್ಟ್ ನಂಬಬೇಕು ಅನ್ನುವುದೂ ನಿಂತಿದೆ. ಬಟವಾಡೆ ಆದ ರಾತ್ರಿ ಚಳಿ ಬಂತು ಅಂತ ಚಿಕ್ಕಮ್ಮ ನೆನಪು ಮಾಡಿಕೊಂಡಳು. ಅಂದರೆ ಶನಿವಾರ. ಐದನೇ ದಿನ. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುವಾಗಲೇ ಸೋರಿಕೆ ಶುರುವಾಗುವುದು. "ಬೆಳಿಗ್ಗೆಯಿಂದ ಜ್ವರ ಇಲ್ಲ" ಅಂತ ರೈಟರ್ ನಿರಾಳವಾಗಿ ಹೇಳಿದ್ದರಲ್ಲ, ನನಗೆ ಹೊಟ್ಟೆಯಲ್ಲಿ ತಳಮಳ ಆಗಿದ್ದು ಅದಕ್ಕೇ.

"ಅದಕ್ಕೆ ಮೊದಲು ಎಲ್ಲಿದ್ದ?"

"ಊರಿಗೆ ಹೋಗಿದ್ದ ಸಿಸ್ಟರೇ. ಒಂದು ವಾರ ಮೊದಲು ಬಂದ. ಅಲ್ಲಿ ಸೌದೆಗೆ ಕಾಡಿಗೆ ಹೋಗಿದ್ದ," ಅಂದಳು ಚಿಕ್ಕಮ್ಮ. ಸತ್ತ ಕೋತಿ ನೋಡಿದ್ರಾ ಅಂತ ಕೇಳಿದ್ದಕ್ಕೆ ಇಲ್ಲ ಅಂತ ತಲೆಯಾಡಿಸಿದಳು. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಲೆಕ್ಕ ಕೂಡಿಬರುತ್ತಿತ್ತು.

ಡಾಕ್ಟರು ಬಂದರು. ನಮ್ಮ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆ ಮಾತ್ರ ಜಾಸ್ತಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಟಾರ್ಚ್ ತೆಗೆದುಕೊಂಡರು. ಬಾಯೊಳಗೆ ಅಂಗುಳಿನ ಹಿಂದೆ ಗುಳ್ಳೆ ಇದೆಯಾ, ಕುತ್ತಿಗೆಯಲ್ಲಿ ಗಡ್ಡೆ ಊದಿದೆಯಾ ನೋಡಿದರು. ಕಂಕುಳಲ್ಲಿ ಕಪ್ಪು ಹಕ್ಕಳೆ ಹುಡುಕಿದರು. ಅದಿದ್ದರೆ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಇರಬಹುದು. ಕಣ್ಣಿನ ಬಿಳಿ ಹಳದಿಯಾಗಿದ್ದರೆ ಇಲಿ ಜ್ವರವನ್ನೂ ಯೋಚಿಸಬೇಕು. ಯಾವುದೂ ಇರಲಿಲ್ಲ. ಮಂಗನ ಕಾಯಿಲೆಯಲ್ಲಿ ಮೈ ಸುಡುತ್ತಿದ್ದರೂ ನಾಡಿ ನಿಧಾನವಾಗಿರುವುದುಂಟು. ಇವನದು ಉಲ್ಟಾ. ಮೈ ತಣ್ಣಗೆ, ನಾಡಿ 112.

ಬಿಪಿ 100/76 ಬಂತು. "ನೂರಿದೆಯಲ್ಲ, ಚೆನ್ನಾಗಿದೆ," ಅಂದರು ರೈಟರ್. ಮೇಲಿನ ಸಂಖ್ಯೆಯನ್ನೇ ಎಲ್ಲರೂ ನೋಡುವುದು. ನೋಡಬೇಕಾದ್ದು ಎರಡರ ನಡುವಿನ ಅಂತರ. ಅದು 20ಕ್ಕೆ ಇಳಿದರೆ ಶಾಕ್ ಅಂತಲೇ ಲೆಕ್ಕ. ಇವನದು 24.

ಸಣ್ಣ ರಕ್ತನಾಳಗಳು ಎಷ್ಟು ದುರ್ಬಲವಾಗಿವೆ ಅಂತ ತೋರಿಸುವ ಟೂರ್ನಿಕೆ ಟೆಸ್ಟ್ ಮಾಡಲು ಮೇಡಂ ಹೇಳಿದರು. ಲ್ಯಾಬ್ ಬೇಕಿಲ್ಲ, ಖರ್ಚಿಲ್ಲ. ಮೇಲಿನ ಮತ್ತು ಕೆಳಗಿನ ಬಿಪಿಯ ನಡುವಿನ ಸಂಖ್ಯೆಗೆ, ಇವನಿಗೆ 88ಕ್ಕೆ, ಪಟ್ಟಿ ಬಿಗಿದು ಐದು ನಿಮಿಷ ಬಿಡಬೇಕು. ಆಮೇಲೆ ಮೊಣಕೈ ಕೆಳಗೆ ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕೆ ಎದ್ದಿವೆ ಅಂತ ಎಣಿಸಬೇಕು. ಹತ್ತು ದಾಟಿದರೆ ಪಾಸಿಟಿವ್. ಪುಸ್ತಕದಲ್ಲಿ ಬೆಳ್ಳಗಿನ ಕೈ ಮೇಲೆ ಕೆಂಪು ಚುಕ್ಕೆ ಎದ್ದು ಕಾಣುತ್ತವೆ. ನಮ್ಮ ಬಿಸಿಲಿಗೆ ಕಪ್ಪಾದ ಕೈ ಮೇಲೆ ಕಾಣಬೇಕಲ್ಲ! ಟಾರ್ಚನ್ನು ಓರೆಯಾಗಿ ಹಿಡಿದು, ಬೆರಳಿನಲ್ಲಿ ಚರ್ಮ ಎಳೆದು ನೋಡಿದೆ. ಒತ್ತಿದರೂ ಮಾಯವಾಗದ ಸಾಸಿವೆಯಂಥ ಚುಕ್ಕೆಗಳು. ಎಣಿಸುತ್ತಾ ಹದಿನೈದಕ್ಕೆ ನಿಲ್ಲಿಸಿದೆ.

ಹೊಟ್ಟೆ ಒತ್ತಿದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಅಂದ. ಬೆಳಿಗ್ಗೆಯಿಂದ ವಾಂತಿ ನಿಂತಿರಲಿಲ್ಲ. ಮೂತ್ರ ಒಂದೇ ಸಲ. ಇವೆಲ್ಲ ಕೇಳಿದ ಮೇಲೆ ಬಂದ ಉತ್ತರಗಳು. ತಾವಾಗಿ ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಪಟ್ಟಿ ತೋರಿಸಿದಳು. ಮೈಕೈ ನೋವಿಗೆ ಯಾವುದೋ ಅಂಗಡಿಯವರು ಕೊಟ್ಟಿದ್ದ ಡೈಕ್ಲೋಫೆನ್ಯಾಕ್. ಇಂಥ ಜ್ವರದಲ್ಲಿ ರಕ್ತಸ್ರಾವ ಹೆಚ್ಚಿಸುವ ಮಾತ್ರೆ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಕೊಡಬಾರದು. ರೈಟರ್ ಕೇಳಿದ ಇಂಜೆಕ್ಷನ್ನನ್ನು ಸೊಂಟಕ್ಕೆ ಹಾಕಿದ್ದರೂ ಕಷ್ಟವೇ, ಅಲ್ಲೇ ರಕ್ತ ಕಟ್ಟುತ್ತಿತ್ತು.

ಕಾರ್ಡ್ ಟೆಸ್ಟ್‌ನಲ್ಲಿ ಎನ್‌ಎಸ್‌1, ಅಂದರೆ ಡೆಂಗಿ ವೈರಸ್ಸಿನದೇ ಒಂದು ಪ್ರೋಟೀನ್, ನೆಗೆಟಿವ್ ಬಂತು. ರೈಟರ್ ಮುಖ ಅರಳಿತು. ಮೇಡಂ ಅದರ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲ. ಐದನೇ ದಿನಕ್ಕೆ ಅದು ನೆಗೆಟಿವ್ ಬಂದರೆ ಡೆಂಗಿ ಇಲ್ಲ ಅಂತ ಅರ್ಥವಲ್ಲ. ಡ್ರಿಪ್ ಹಾಕಿ, 108 ಕರೆಸಿ, ಮಡಿಕೇರಿ ಆಸ್ಪತ್ರೆಗೆ ಬರೆದರು. ಚೀಟಿಯಲ್ಲಿ ಎರಡೂ ಅನುಮಾನ ಇತ್ತು. ಡೆಂಗಿ, ಅಪಾಯದ ಲಕ್ಷಣ ಸಮೇತ. ಜೊತೆಗೆ ತಿರುನೆಲ್ಲಿ ಕಾಡಿಗೆ ಹೋಗಿದ್ದಾನೆ, ಮಂಗನ ಕಾಯಿಲೆಗೂ ಪರೀಕ್ಷೆ ಆಗಲಿ ಅಂತ.

"ನಮಗೆಲ್ಲ ಅಂಟುತ್ತಾ ಸಿಸ್ಟರ್?" ಆಗ ರೈಟರ್ ದನಿ ಇಳಿದಿತ್ತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಡೆಂಗಿಗೆ ಸೊಳ್ಳೆ ಬೇಕು ಅಂದೆ. ಮರುದಿನ ಆಶಾ ಕಾರ್ಯಕರ್ತೆ ಲೈನ್ ಮನೆ ಹತ್ತಿರ ಹೋದಾಗ ನೀರು ತುಂಬಿಟ್ಟ ಡ್ರಮ್ಮುಗಳಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವಂತೆ. ಬೇಸಿಗೆಯಲ್ಲಿ ನೀರು ಹಿಡಿದಿಡದೆ ಅವರಾದರೂ ಏನು ಮಾಡುತ್ತಾರೆ? ಮುಚ್ಚಳ ಇರಲಿಲ್ಲ, ಅಷ್ಟೇ.

ಡೆಂಗಿ ಐಜಿಎಂ, ಅಂದರೆ ಆ ವೈರಸ್ಸಿನ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯದ ಪರೀಕ್ಷೆ, ಪಾಸಿಟಿವ್ ಬಂತು. ಮಂಗನ ಕಾಯಿಲೆ ನೆಗೆಟಿವ್. "ನಿಮ್ಮೂರಿನ ಕಾಯಿಲೆ ಇಲ್ಲಿಗೂ ತರ್ತೀರಾ?" ಅಂತ ಒಬ್ಬರು ಛೇಡಿಸಿದರು. ತರಲಿಲ್ಲವಲ್ಲ, ಕೇಳಿದೆ ಅಷ್ಟೇ. ಎರಡಕ್ಕೂ ವೈರಸ್ ಕೊಲ್ಲುವ ಮದ್ದಿಲ್ಲ. ಆದರೆ ಮಂಗನ ಕಾಯಿಲೆ ಆಗಿದ್ದರೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ಮೆದುಳಿಗೆ ತೊಂದರೆ ಕೊಡುವ ಸಾಧ್ಯತೆ ಇತ್ತು. ಗೊತ್ತಿದ್ದರೆ ತಾನೇ ಕಾಯುವುದು?

ಹುಡುಗ ಉಳಿದ. ವಾರ್ಡಿನಲ್ಲಿ ನೆಂಟರು ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾ ಪಪ್ಪಾಯಿ ಎಲೆ ರಸ ಹಿಡಿದು ನಿಂತಿದ್ದರಂತೆ. ಅಲ್ಲಿನ ಡಾಕ್ಟರು ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ನೋಡಿ ಡ್ರಿಪ್ ಏರಿಸುತ್ತಾ ಇಳಿಸುತ್ತಾ ಇದ್ದರು. ಸೋರಿದ ನೀರು ವಾಪಸ್ ಬರುವಾಗ ಡ್ರಿಪ್ ಜಾಸ್ತಿಯಾದರೂ ಅಪಾಯ.

ಡಿಸ್ಚಾರ್ಜ್ ಆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದಳು. ಹುಡುಗನ ಕೈಕಾಲೆಲ್ಲ ಕೆಂಪಾಗಿ ನಡುನಡುವೆ ಬಿಳಿ ಮಚ್ಚೆ ಎದ್ದಿದೆ, ಅಂಗೈ ತುರಿಕೆ, ಇದು ಬೇರೆ ಕಾಯಿಲೆಯಾ ಅಂತ ಗಾಬರಿ. ಅದು ಡೆಂಗಿ ವಾಸಿಯಾಗುವಾಗ ಏಳುವ ದದ್ದು, ತಾನಾಗಿ ಹೋಗುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೀನು ತಿನ್ನಬಹುದಾ ಅಂತ ಕೇಳಿದಳು. ತಿನ್ನಲಿ, ಖಾರ ಕಮ್ಮಿ ಹಾಕು ಅಂದೆ.