ಕಾರಿನ ಸಾಫ್ಟ್‌ವೇರ್‌ಗೆ ಯಾವ ಮಾಡೆಲಿಂಗ್ ಭಾಷೆ?

ಊರಿಗೆ ಹೋದರೆ ಹಿರಿಯರು ಕೇಳುವುದು, "ಕಾರಿಗೆ ಎಂತಕ್ಕೆ ಸಾಫ್ಟ್‌ವೇರು?" ಶಿರಸಿ, ಕಾರವಾರ ಕಡೆಯ ಇಂಜಿನಿಯರಿಂಗ್ ಹುಡುಗರ ಪ್ರಶ್ನೆ ಬೇರೆ: "ಅಣ್ಣಾ, ಆರ್ಕಿಟೆಕ್ಚರ್ ಡಿಸೈನ್‌ಗೆ ಯುಎಂಎಲ್ ಕಲೀಲಾ, ಸಿಸ್‌ಎಂಎಲ್ಲಾ? ಯಾವ್ದು ಬೆಸ್ಟು?" ಇವೆಲ್ಲ ಮಾಡೆಲಿಂಗ್ ಭಾಷೆಗಳು, ಅಂದರೆ ಕೋಡ್ ಬರೆಯುವ ಮೊದಲು ವ್ಯವಸ್ಥೆಯ ನಕ್ಷೆ ಬರೆಯಲು ಬಳಸುವವು.

ಇಬ್ಬರನ್ನೂ ನಾನು ದೇವಿಮನೆ ಘಟ್ಟ ಇಳಿಸುತ್ತೇನೆ. ಆಷಾಢದ ಮಳೆ, ಕುಮಟಾ ಕಡೆ ಇಳಿಯುವ ತಿರುವು, ಎದುರಿಗೆ ದಿಢೀರನೆ ಬಸ್ಸು. ಬ್ರೇಕ್ ಒತ್ತಿದಿರಿ, ಒಂದು ಚಕ್ರ ಲಾಕ್ ಆಗುವುದರಲ್ಲಿದೆ. ಸೆನ್ಸರ್ ಕೊಟ್ಟ ವೇಗ ಓದಿ, ಎಬಿಎಸ್ ಕಂಟ್ರೋಲರ್ ಲೆಕ್ಕ ಹಾಕಿ, ವಾಲ್ವ್ ತೆರೆದು ಆ ಚಕ್ರದ ಬ್ರೇಕ್ ಒತ್ತಡ ಇಳಿಸಬೇಕು. ಎಲ್ಲ ಮಿಲಿಸೆಕೆಂಡುಗಳ ಲೆಕ್ಕ. ಸೆನ್ಸರ್‌ನಿಂದ ವಾಲ್ವ್‌ವರೆಗಿನ ಈ ಒಂದೇ ದಾರಿಯನ್ನು ಪ್ರತಿ ಭಾಷೆಯಲ್ಲೂ ಬರೆದು ನೋಡಿ. ಗಡುವು ತಪ್ಪುತ್ತದೋ ಇಲ್ಲವೋ ಎಂದು ಕೋಡ್ ಬರೆಯುವ ಮೊದಲೇ ಮಾಡೆಲ್ ಹೇಳಬಲ್ಲುದೇ? ನನ್ನ ಪರೀಕ್ಷೆ ಅಷ್ಟೇ.

ಯುಎಂಎಲ್‌ನಲ್ಲಿ ಸೀಕ್ವೆನ್ಸ್ ಡಯಾಗ್ರಾಂ (ಯಾವ ಭಾಗ ಯಾವುದಕ್ಕೆ ಯಾವ ಕ್ರಮದಲ್ಲಿ ಸಂದೇಶ ಕೊಡುತ್ತದೆ ಎಂಬ ಚಿತ್ರ) ಚಂದವಾಗಿ ಬರುತ್ತದೆ. ಆದರೆ ಪಕ್ಕದಲ್ಲಿ ಬರೆದ "10 ಮಿಲಿಸೆಕೆಂಡ್", ಸಮಯದ ಲೆಕ್ಕಕ್ಕೆ ಅನುವಾಗುವ ಮಾರ್ಟೆಯಂಥ ಪ್ರೊಫೈಲ್ (ಹೆಚ್ಚುವರಿ ಜೋಡಣೆ) ಸೇರಿಸದಿದ್ದರೆ, ಹೆಚ್ಚುಕಡಿಮೆ ಟಿಪ್ಪಣಿಯಾಗಿಯೇ ಉಳಿಯುತ್ತದೆ. ಸಿಸ್‌ಎಂಎಲ್‌ನ ಬಲ ಅವಶ್ಯಕತೆಗಳಲ್ಲಿ. ಯಾವ ಬ್ಲಾಕ್ (ವ್ಯವಸ್ಥೆಯ ಭಾಗ) ಯಾವ ಅವಶ್ಯಕತೆಯನ್ನು ಪೂರೈಸುತ್ತದೆ ಎಂದು ಕೊಂಡಿ ಹಾಕಬಹುದು. ಐಎಸ್‌ಒ 26262 ಎಂಬ ವಾಹನ ಸುರಕ್ಷತಾ ಮಾನಕದ ಆಡಿಟ್ ಬಂದಾಗ ಕೈಹಿಡಿಯುವುದು ಇದೇ.

ನನ್ನ ಪರೀಕ್ಷೆಯಲ್ಲಿ ಗೆಲ್ಲುವುದು ವಿಮಾನಗಳ ಲೋಕದಿಂದ ಬಂದ ಎಎಡಿಎಲ್. 2004ರಲ್ಲಿ ವಾಹನ, ವಿಮಾನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ ಅದನ್ನು ಮಾನಕ ಮಾಡಿತು. ಅಲ್ಲಿ ಥ್ರೆಡ್ (ಪ್ರೊಸೆಸರ್ ಮೇಲೆ ಓಡುವ ಒಂದು ಕೆಲಸ), ಪ್ರೊಸೆಸರ್, ಬಸ್ (ಭಾಗಗಳ ನಡುವೆ ಡೇಟಾ ಸಾಗುವ ದಾರಿ) ಇವೆಲ್ಲ ಭಾಷೆಯದೇ ಪದಗಳು. ಥ್ರೆಡ್‌ಗೆ ಪೀರಿಯಡ್ (ಎಷ್ಟು ಹೊತ್ತಿಗೊಮ್ಮೆ ಓಡಬೇಕು), ಡೆಡ್‌ಲೈನ್, ಗರಿಷ್ಠ ಓಟದ ಸಮಯ ಬರೆದರೆ, ಇಡೀ ದಾರಿಯ ವಿಳಂಬವನ್ನು ಟೂಲೇ ಕೂಡಿಸಿ ಕೊಡುತ್ತದೆ. ಈಸ್ಟ್-ಎಡಿಎಲ್ ಎಂಬ ಇನ್ನೊಂದು ಭಾಷೆ ಕಾರಿಗೆಂದೇ ಹುಟ್ಟಿದ್ದಾದರೂ, ಅದರ ಹೆಸರು ಸಂಶೋಧನಾ ಪ್ರಬಂಧಗಳಲ್ಲಿ ಕೇಳಿಬಂದಷ್ಟು ಕೆಲಸದ ಮೀಟಿಂಗ್‌ಗಳಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

ಹಾಗಂತ ಎಎಡಿಎಲ್ ಒಂದನ್ನೇ ನಂಬಿ ಇಂಟರ್‌ವ್ಯೂಗೆ ಹೋಗಬೇಡಿ. 2003ರಲ್ಲಿ ಶುರುವಾದ ಕಾರು ಸಾಫ್ಟ್‌ವೇರ್ ಮಾನಕ ಆಟೋಸಾರ್‌ನ ಎಆರ್‌ಎಕ್ಸ್‌ಎಂಎಲ್ ಫೈಲುಗಳೇ ಕಾರು ಕಂಪನಿಗೂ ಬಿಡಿಭಾಗ ಕೊಡುವವರಿಗೂ ನಡುವೆ ಓಡಾಡುವುದು. ಅವನ್ನು ಓದಲು ಬರಲೇಬೇಕು. ಓದುವುದು ಭಯಂಕರ ಬೇಜಾರು, ಅದು ಬೇರೆ ಮಾತು.

ಹಾಗಾಗಿ ಹೊಟ್ಟೆಪಾಡಿಗೆ ಸಿಸ್‌ಎಂಎಲ್, ಆಟೋಸಾರ್. ಬುದ್ಧಿ ಚುರುಕಾಗಲು ಎಎಡಿಎಲ್. ಅದರ ಓಸೇಟ್ ಟೂಲ್ ಉಚಿತ. ಮೇಲಿನ ಬ್ರೇಕ್ ದಾರಿಯನ್ನೇ ಅದರಲ್ಲಿ ಬರೆದು, ಒಂದು ಥ್ರೆಡ್‌ನ ಪೀರಿಯಡ್ ಅನ್ನು 5ರಿಂದ 20 ಮಿಲಿಸೆಕೆಂಡಿಗೆ ಏರಿಸಿ, ಒಟ್ಟು ವಿಳಂಬ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಆಮೇಲೆ ಫೋನ್ ಮಾಡಿ.